ರಾಮನಗರದ ಮಣಿಸರ

ರಾಮನಗರವೆಂದೊಡನೆ ಕೆಲವರಿಗೆ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಗುತ್ತದೆ, ಹಲವರಿಗೆ ‘ಶೋಲೆ’ ಚಲನಚಿತ್ರದ ಬಂಡೆಗಳು ನೆನಪಾಗುತ್ತವೆ. ಆದರೆ ಗಬ್ಬರ್ ಸಿಂಗ್ ಆ ಬಂಡೆಗಳ ಮೇಲೆ ಅಬ್ಬರಿಸುವುದಕ್ಕೆ ಎರಡು ದಶಕಗಳ ಮೊದಲೇ ಆ ಊರು ಬೇರೊಂದು ಕಾರಣಕ್ಕಾಗಿ ಹೊರದೇಶದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತ್ತೆಂಬುದು ಇಂದು ಬಹುಮಂದಿಗೆ ತಿಳಿಯದು. 1950ರ ದಶಕದ ಆರಂಭದಲ್ಲಿ ಅಲ್ಲಿ ನಡೆದ ಒಂದು ಪ್ರಯೋಗದೊಡನೆ ಬಣ್ಣದ ಮಣಿಗಳ ಸರವೊಂದರ ಕಥೆ ಹೆಣೆದುಕೊಂಡಿದೆ. ಆ ಸರ ಒಡವೆಯಲ್ಲ, ಜಪಮಾಲೆಯೂ ಅಲ್ಲ. ತಿಂಗಳ ಯಾವ ದಿನಗಳಲ್ಲಿ ಗರ್ಭ ನಿಲ್ಲಬಹುದು, ಯಾವ ದಿನಗಳಲ್ಲಿ ನಿಲ್ಲಲಾರದು ಎಂಬುದನ್ನು ಗೃಹಿಣಿಯರು ಎಣಿಸಿಕೊಳ್ಳಲೆಂದು ರೂಪಿಸಿದ ಸಾಧನ ಅದು.

ಆ ಪ್ರಯೋಗ ಸೋತಿತು. ಸೋಲಿಗೆ ಹಳ್ಳಿಯ ಹೆಂಗಸರ ಅಜ್ಞಾನವೇ ಕಾರಣವೆಂದು ಬಲ್ಲವರು ತೀರ್ಪಿತ್ತರು. ಮಣಿಸರದ ಕಥೆ ದೇಶವಿದೇಶಗಳಲ್ಲಿ ನಗೆಹನಿಯಾಗಿ ಹರಡಿತು. ಆ ತೀರ್ಪು ನ್ಯಾಯವಾದುದೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಮುಟ್ಟು, ಬಸಿರು, ಗರ್ಭಕಂಠ ಮುಂತಾದ ಮಾತುಗಳು ಬರುತ್ತವೆಯೆಂದು ನನ್ನ ಹಳೆಯ ವಿದ್ಯಾರ್ಥಿಗಳಾಗಲಿ, ಬಂಧುಗಳಾಗಲಿ ಸಂಕೋಚಪಡಬೇಕಾಗಿಲ್ಲ. ಹೃದಯ, ಶ್ವಾಸಕೋಶಗಳ ಬಗೆಗೆ ಮಾತನಾಡುವಷ್ಟೇ ಸಹಜವಾಗಿ ಇವುಗಳ ಬಗೆಗೂ ಮಾತನಾಡಬಹುದು.

ಮೊದಲು ದೇಹದಲ್ಲಿ ನಡೆಯುವುದೇನೆಂದು ನೋಡೋಣ. ಗರ್ಭಕೋಶವನ್ನು ಬುಡಮೇಲಾದ ಒಂದು ಸಣ್ಣ ಹೂಜಿಗೆ ಹೋಲಿಸಿದರೆ, ಕೆಳಮುಖವಾಗಿರುವ ಅದರ ಕೊರಳೇ ಗರ್ಭಕಂಠ. ಇದು ಸದಾ ಒಂದೇ ಸ್ಥಿತಿಯಲ್ಲಿರುವ ಅಂಗವಲ್ಲ. ಮುಟ್ಟು ನಿಂತ ಮೊದಲ ದಿನಗಳಲ್ಲಿ ಅದು ಕೆಳಗಿದ್ದು, ಮೂಗಿನ ತುದಿಯಂತೆ ಗಟ್ಟಿಯಾಗಿ, ಬಾಯಿ ಮುಚ್ಚಿಕೊಂಡಿರುತ್ತದೆ. ಅಂಡಾಶಯದಲ್ಲಿ ಅಂಡಾಣು ಬಲಿಯುತ್ತ ಬಂದಂತೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಆಗ ಗರ್ಭಕಂಠ ಮೇಲಕ್ಕೆ ಸರಿಯುತ್ತದೆ, ತುಟಿಯಂತೆ ಮೆತ್ತಗಾಗುತ್ತದೆ, ಬಾಯಿ ತುಸು ತೆರೆಯುತ್ತದೆ. ಅದರಿಂದ ಒಸರುವ ಲೋಳೆಯೂ ಬದಲಾಗುತ್ತದೆ. ಮೊದಲು ಅಂಟಂಟಾಗಿ, ಮಂದವಾಗಿ ಇದ್ದುದು ಈಗ ಹಸಿ ಮೊಟ್ಟೆಯ ಬಿಳಿಯ ಭಾಗದಂತೆ ತಿಳಿಯಾಗಿ, ಎಳೆದರೆ ನೂಲಿನಂತೆ ಬರುತ್ತದೆ. ಈ ತಿಳಿಲೋಳೆಯ ಆಸರೆಯಲ್ಲಿ ವೀರ್ಯಾಣುಗಳು ಐದು ದಿನಗಳವರೆಗೂ ಬದುಕಿರಬಲ್ಲವು. ಹೊರಬಂದ ಅಂಡಾಣುವಿನ ಆಯುಸ್ಸು ಮಾತ್ರ ಒಂದು ದಿನವನ್ನು ಮೀರುವುದಿಲ್ಲ. ಅಂಡಾಣು ಹೊರಬಂದ ಬಳಿಕ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನಿನ ಆಳ್ವಿಕೆ. ಗರ್ಭಕಂಠ ಮತ್ತೆ ಕೆಳಗಿಳಿದು ಗಟ್ಟಿಯಾಗುತ್ತದೆ. ಲೋಳೆ ಮಂದವಾಗಿ ಬಿರಡೆಯಂತೆ ಬಾಯನ್ನು ಮುಚ್ಚುತ್ತದೆ. ಮೈಯ ಬಿಸಿ ಸೆಲ್ಸಿಯಸ್ ಮಾಪಕದಲ್ಲಿ 0.2ರಿಂದ 0.5 ಡಿಗ್ರಿಯಷ್ಟು ಏರಿ, ಮುಂದಿನ ಮುಟ್ಟಿನ ಹೊತ್ತಿಗೆ ಇಳಿಯುತ್ತದೆ.

ಅಂದರೆ ತಿಂಗಳಿಗೊಮ್ಮೆ ಒಂದು ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ತೆರೆದಿರುವುದಕ್ಕೂ ಮುಚ್ಚಿರುವುದಕ್ಕೂ ಗುರುತುಗಳಿವೆ. ಇಷ್ಟು ಸಂಗತಿ ಮನುಷ್ಯಕುಲಕ್ಕೆ ಸ್ಪಷ್ಟವಾಗಲು ಎರಡು ಸಾವಿರ ವರ್ಷ ಹಿಡಿಯಿತೆಂಬುದೇ ಈ ಇತಿಹಾಸದ ವಿಸ್ಮಯ.

ನಮ್ಮ ಪ್ರಾಚೀನರು ಇದನ್ನು ಕುರಿತು ಯೋಚಿಸದೆ ಇರಲಿಲ್ಲ. ಮುಟ್ಟಾದ ದಿನದಿಂದ 16 ರಾತ್ರಿಗಳನ್ನು ಮನುಸ್ಮೃತಿ ಋತುಕಾಲವೆಂದು ಕರೆಯುತ್ತದೆ, ಅವುಗಳಲ್ಲಿ ಮೊದಲ ನಾಲ್ಕನ್ನು ನಿಷೇಧಿಸುತ್ತದೆ. ಹಗಲು ಕಳೆದಾಗ ತಾವರೆ ಮುಚ್ಚಿಕೊಳ್ಳುವ ಹಾಗೆ ಋತುಕಾಲ ಕಳೆದಾಗ ಗರ್ಭದ ದ್ವಾರ ಮುಚ್ಚಿಕೊಳ್ಳುತ್ತದೆಯೆಂಬ ಅರ್ಥದ ಹೋಲಿಕೆ ಸುಶ್ರುತ ಸಂಹಿತೆಯಲ್ಲಿದೆ. ಇದನ್ನು ಓದಿ ‘ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎಂದು ಬೀಗುವುದು ಬೇಡ. ಬಾಗಿಲು ಮುಚ್ಚುತ್ತದೆಯೆಂಬುದನ್ನು ಅವರು ಸರಿಯಾಗಿಯೇ ಊಹಿಸಿದ್ದರು. ಆದರೆ ಅದು ತೆರೆಯುವ ಐದಾರು ದಿನಗಳನ್ನು ಬೇರ್ಪಡಿಸಿ ಗುರುತಿಸಲು ಅವರಿಗೆ ಸಾಧ್ಯವಾಗಿರಲಿಲ್ಲ.

ಪಶ್ಚಿಮದವರ ಸ್ಥಿತಿ ಇದಕ್ಕಿಂತ ಉತ್ತಮವಾಗಿರಲಿಲ್ಲ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಸೊರೇನಸ್, ಮುಟ್ಟು ನಿಲ್ಲುತ್ತ ಬರುವ ಹೊತ್ತೇ ಗರ್ಭಧಾರಣೆಗೆ ಪ್ರಶಸ್ತವೆಂದು ಬರೆದ. ಹತ್ತೊಂಬತ್ತನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕದ ನೆರವು ದೊರೆತ ಮೇಲೂ ತಪ್ಪು ತಿದ್ದಿಕೊಳ್ಳಲಿಲ್ಲ. 1827ರಲ್ಲಿ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ನಾಯಿಯ ಅಂಡಾಶಯದಲ್ಲಿ ಸಸ್ತನಿಗಳ ಅಂಡಾಣುವನ್ನು ಕಂಡುಹಿಡಿದನು. ಹೆಣ್ಣು ನಾಯಿ ಬೆದೆಗೆ ಬರುವ ಸಮಯದಲ್ಲಿ ಅದಕ್ಕೆ ರಕ್ತಸ್ರಾವವಾಗುತ್ತದೆ. ಆದ್ದರಿಂದ ಹೆಣ್ಣಿನ ಮುಟ್ಟೂ ಅಂಥದೇ ಇರಬೇಕು, ಮುಟ್ಟಿನ ಆಸುಪಾಸಿನಲ್ಲೇ ಅಂಡಾಣು ಹೊರಬೀಳಬೇಕು ಎಂದು ಆ ಕಾಲದ ಅನೇಕ ಪಂಡಿತರು ತೀರ್ಮಾನಿಸಿದರು. ಹಾಗಾದರೆ ತಿಂಗಳ ನಡುಭಾಗ ನಿರಪಾಯವಷ್ಟೆ? ಬಸಿರು ಬೇಡವೆಂದು ಬಂದ ಹೆಂಗಸರಿಗೆ ಅವರು ಸೂಚಿಸಿದ್ದು, ಇಂದಿನ ತಿಳಿವಳಿಕೆಯ ಪ್ರಕಾರ, ಬಸಿರಾಗಲು ಅತ್ಯಂತ ಅನುಕೂಲವಾದ ದಿನಗಳನ್ನೇ! ಈ ಸಲಹೆಯನ್ನು ಪಾಲಿಸಿ ಮಕ್ಕಳನ್ನು ಹೆತ್ತವರನ್ನು ಯಾರೂ ಅಜ್ಞಾನಿಗಳೆಂದು ನಗೆಯಾಡಲಿಲ್ಲ, ಏಕೆಂದರೆ ಅಜ್ಞಾನ ವೈದ್ಯರದಾಗಿತ್ತು.

ಗಂಟು ಬಿಚ್ಚಿದವರು ಇಬ್ಬರು. ಜಪಾನಿನ ನಿಗಾಟ ನಗರದ ಶಸ್ತ್ರವೈದ್ಯ ಕ್ಯೂಸಾಕು ಓಗಿನೊ, ಉದರದ ಶಸ್ತ್ರಚಿಕಿತ್ಸೆಗೆ ಬಂದ ಹೆಂಗಸರ ಅಂಡಾಶಯಗಳನ್ನು ಪರೀಕ್ಷಿಸಿ, ಅವರ ಮುಟ್ಟಿನ ದಿನಗಳ ಲೆಕ್ಕದೊಡನೆ ತಾಳೆ ನೋಡುತ್ತಿದ್ದರು. ಹಿಂದಿನ ಮುಟ್ಟಿನಿಂದ ಎಷ್ಟು ದಿನವಾಯಿತೆಂಬುದು ಮುಖ್ಯವಲ್ಲ, ಮುಂದಿನ ಮುಟ್ಟಿಗೆ ಎಷ್ಟು ದಿನ ಉಳಿದಿದೆಯೆಂಬುದೇ ಮುಖ್ಯ ಎಂಬುದನ್ನು ಅವರು 1924ರಲ್ಲಿ ಪ್ರಕಟಿಸಿದರು. ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಅಂಡಾಣು ಹೊರಬರುತ್ತದೆ ಎಂಬುದು ಅವರ ಸಿದ್ಧಾಂತ. ಸ್ವತಂತ್ರವಾಗಿ ಸಂಶೋಧನೆ ನಡೆಸಿದ ಆಸ್ಟ್ರಿಯದ ಹರ್ಮನ್ ಕ್ನಾಸ್ 1928ರಲ್ಲಿ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬಂದರು. ಓಗಿನೊ ಅವರ ಆಶಯ ಮಕ್ಕಳಿಲ್ಲದವರಿಗೆ ಮಕ್ಕಳಾಗಲಿ ಎಂಬುದಾಗಿತ್ತು. ಲೋಕ ಅದನ್ನು ತಿರುಗಿಸಿ, ಮಕ್ಕಳಾಗದಿರಲು ಬಳಸಿಕೊಂಡಿತು. ‘ಸುರಕ್ಷಿತ ದಿನಗಳ’ ಪದ್ಧತಿ ಹುಟ್ಟಿದ್ದು ಹೀಗೆ. ಬೇರೆ ಸಾಧನಗಳನ್ನು ಒಪ್ಪದ ಕ್ಯಾಥೊಲಿಕ್ ಸಮಾಜದಲ್ಲಿ ಅದು ಬಲುಬೇಗ ಹಬ್ಬಿತು.

ಇನ್ನು ಅದು ನಮ್ಮ ದೇಶಕ್ಕೆ ಬಂದ ದಾರಿ. ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಸರ್ಕಾರವೊಂದು ಇಂಥ ಹೆಜ್ಜೆಯಿಟ್ಟದ್ದು ಲೋಕದಲ್ಲೇ ಬಹುಶಃ ಮೊದಲು. ಮಹಾತ್ಮ ಗಾಂಧಿಯವರದು ಬೇರೆ ನಿಲುವು. 1935ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಅವರೊಡನೆ ದೀರ್ಘವಾಗಿ ಚರ್ಚಿಸಿದರು. ಕೃತಕ ಸಾಧನಗಳನ್ನು ಗಾಂಧೀಜಿ ಒಪ್ಪಲಿಲ್ಲ. ಆದರೆ ಕೆಲವು ದಿನಗಳ ಸಂಯಮವನ್ನು ಬೇಡುವ ಸುರಕ್ಷಿತ ದಿನಗಳ ಪದ್ಧತಿಯ ಬಗೆಗೆ ಅವರಿಗೆ ಅಷ್ಟು ವಿರೋಧವಿರಲಿಲ್ಲ. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ನಿಕಟ ಅನುಯಾಯಿ. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಮೀಸಲಾದಾಗ, ಅವರು ಒಲವು ತೋರಿದ್ದು ಈ ಪದ್ಧತಿಯ ಕಡೆಗೇ. ಭಾರತ ಸರ್ಕಾರದ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್ ಅವರನ್ನು 1951ರಲ್ಲಿ ಇಲ್ಲಿಗೆ ಕಳುಹಿಸಿತು. ಪ್ರಯೋಗಕ್ಕೆ ಎರಡು ಸ್ಥಳಗಳು ಆಯ್ಕೆಯಾದವು. ನಗರದ ಮಾದರಿಯಾಗಿ ದೆಹಲಿಯ ಲೋಧಿ ಕಾಲೊನಿ, ಗ್ರಾಮಾಂತರದ ಮಾದರಿಯಾಗಿ ಮೈಸೂರು ರಾಜ್ಯದ ರಾಮನಗರಂ.

ಓದುಬರಹ ಬಾರದವರು ಪಂಚಾಂಗವನ್ನೋ ಕ್ಯಾಲೆಂಡರನ್ನೋ ನೋಡಿ ದಿನ ಎಣಿಸುವುದು ಹೇಗೆ? ಅದಕ್ಕೆ ಸ್ಟೋನ್ ಸೂಚಿಸಿದ ಉಪಾಯವೇ 28 ಮಣಿಗಳ ಸರ. ಮುಟ್ಟಿನ ದಿನಗಳಿಗೆ ಕಿತ್ತಳೆ ಬಣ್ಣ, ಸುರಕ್ಷಿತ ದಿನಗಳಿಗೆ ಹಸಿರು, ಮಗುವಾಗಬಹುದಾದ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿ ಸರಿಸಿದರೆ ಸಾಕು. ತೊಡಕುಗಳು ಒಂದೊಂದಾಗಿ ತಲೆಯೆತ್ತಿದವು. ಕತ್ತಲಲ್ಲಿ ಬಣ್ಣ ಕಾಣುವುದಿಲ್ಲವೆಂಬ ದೂರು ಬಂತು. ಮುಟ್ಟಿ ತಿಳಿಯುವಂತೆ ದುಂಡು ಮಣಿ, ಚೌಕ ಮಣಿಗಳನ್ನು ಮಾಡಿದರು. ಯಾವ ಕಡೆಗೆ ಸರಿಸಬೇಕೆಂಬುದು ಮರೆಯುತ್ತದೆಯೆಂದರು. ಒಂದೇ ದಿಕ್ಕಿಗೆ ಸರಿಯುವಂತೆ ಕೊಂಡಿ ಜೋಡಿಸಿದರು. ಆದರೂ ಪದ್ಧತಿಯನ್ನು ಬಿಡದೆ ಅನುಸರಿಸಿದ ದಂಪತಿಗಳು ಕೆಲವರೇ. ಮಣಿ ಸರಿಸಿದರೆ ಸಾಕು, ಅದು ತಾಯಿತದಂತೆ ಕಾಯುತ್ತದೆಯೆಂದು ಹೆಂಗಸರು ನಂಬಿದ್ದರಂತೆ ಎಂಬ ಕಥೆಗಳು ಹೊರಟವು. ಆಮೇಲೆ ಎಲ್ಲಿ ಕುಟುಂಬ ಯೋಜನೆಯ ಮಾತು ಬಂದರೂ ಈ ಕಥೆ ಬರುತ್ತಿತ್ತು, ಕೇಳಿದವರು ನಗುತ್ತಿದ್ದರು.

ಈಗ ಆ ಹೆಂಗಸರ ಪರವಾಗಿ ನಾಲ್ಕು ಮಾತು.

ಮೊದಲನೆಯದು ಗಣಿತದ ಮಾತು. ತರಗತಿಯ 40 ಮಕ್ಕಳ ಸರಾಸರಿ ಅಂಕ 52 ಎಂದಾದರೆ, ಆ ತರಗತಿಯಲ್ಲಿ ಒಬ್ಬ ಮಗುವಾದರೂ 52 ಅಂಕ ಪಡೆದಿರಬೇಕೆಂದೇನೂ ಇಲ್ಲ. 28 ದಿನವೆಂಬುದೂ ಅಂಥದೇ ಒಂದು ಲೆಕ್ಕ. ಒಬ್ಬಳೇ ಹೆಂಗಸಿನ ಋತುಚಕ್ರ ಈ ತಿಂಗಳು 26 ದಿನವಿದ್ದು ಮುಂದಿನ ತಿಂಗಳು 33 ಆಗಬಹುದು. ಮೇಲಾಗಿ ಓಗಿನೊ ಹೇಳಿದ್ದು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸುವ ಲೆಕ್ಕ. ಇನ್ನೂ ಬಾರದ ಮುಟ್ಟಿನಿಂದ ಹಿಂದಕ್ಕೆ ಎಣಿಸುವುದು ಪದವೀಧರರಿಗೂ ಆಗದ ಕೆಲಸ. ಬಹುಕಾಲದ ಬಳಿಕ ಅಮೆರಿಕದ ಆ್ಯಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಮಹಿಳೆಯರನ್ನು ಅಧ್ಯಯನ ಮಾಡಿ, ಗರ್ಭ ನಿಲ್ಲುವುದು ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನಗಳಲ್ಲಿ ಮಾತ್ರವೆಂದು 1995ರಲ್ಲಿ ತೋರಿಸಿದರು. ಈ ಆರು ದಿನಗಳು ವೈದ್ಯರು ಸಾಮಾನ್ಯವಾಗಿ ಹೇಳುತ್ತಿದ್ದ 10ರಿಂದ 17ನೆಯ ದಿನದ ಒಳಗೇ ಪೂರ್ಣವಾಗಿ ಬರುವುದು ಸುಮಾರು ಶೇಕಡ 30ರಷ್ಟು ಮಹಿಳೆಯರಲ್ಲಿ ಮಾತ್ರವೆಂದು 2000ದಲ್ಲಿ ಅವರೇ ಮತ್ತೆ ತಿಳಿಸಿದರು.

ಎರಡನೆಯದು ಬದುಕಿನ ಮಾತು. ಅಂದಿನ ಹಳ್ಳಿಯ ತಾಯಂದಿರು ಎರಡು ವರ್ಷವೋ ಅದಕ್ಕೂ ಹೆಚ್ಚು ಕಾಲವೋ ಮಗುವಿಗೆ ಹಾಲೂಡುತ್ತಿದ್ದರು. ಹಾಲೂಡುವಾಗ ತಿಂಗಳುಗಟ್ಟಲೆ ಮುಟ್ಟಾಗದಿರಬಹುದು. ಬಳಿಕ ಮೊದಲ ಮುಟ್ಟು ಕಾಣಿಸಿಕೊಳ್ಳುವ ಮೊದಲೇ ಅಂಡಾಣು ಹೊರಬರಬಹುದು. ಎಣಿಕೆಗೆ ಮೊದಲ ಮಣಿಯೇ ಇಲ್ಲದವಳು ಯಾವ ಮಣಿಯನ್ನು ಸರಿಸಬೇಕು?

ಮೂರನೆಯದು ಮರ್ಯಾದೆಯ ಮಾತು. ಮುಟ್ಟಾದವಳು ಹೊರಗೆ ಕೂರುತ್ತಿದ್ದ ಕಾಲವದು. ತನ್ನ ಒಳಗಿನ ಸ್ಥಿತಿಯನ್ನು ಅತ್ತೆ, ಮಾವ, ಮೈದುನರೆಲ್ಲ ಕಾಣುವಂತೆ ಕೊರಳಿಗೆ ಕಟ್ಟಿಕೊಂಡು ಓಡಾಡಲು ಯಾವ ಸೊಸೆ ಒಪ್ಪಿಯಾಳು? ಒಪ್ಪಿದರೂ ಕೆಂಪು ಮಣಿಯ ದಿನ ‘ಇಂದು ಬೇಡ’ ಎನ್ನುವ ಅಧಿಕಾರ ಅವಳಿಗಿತ್ತೇ? ಮಣಿಸರವನ್ನು ಕೊಟ್ಟದ್ದು ಹೆಂಡತಿಗೆ, ತೀರ್ಮಾನ ಇದ್ದದ್ದು ಗಂಡನ ಕೈಯಲ್ಲಿ.

ನಾಲ್ಕನೆಯದೇ ಮುಖ್ಯವಾದುದು. ಆ ಸರ ಅವಳಿಗೆ ದಿನವನ್ನು ಎಣಿಸಲು ಹೇಳಿತು, ದೇಹವನ್ನು ಗಮನಿಸಲು ಹೇಳಲಿಲ್ಲ. ಕೆಂಪು ಮಣಿಯ ದಿನಗಳಲ್ಲಿ ತನ್ನೊಳಗೆ ಏನು ನಡೆಯುತ್ತದೆಯೆಂಬುದು ತಿಳಿಯದಿದ್ದರೆ, ಮಣಿಗೂ ತಾಯಿತಕ್ಕೂ ವ್ಯತ್ಯಾಸ ಉಳಿಯುವುದಾದರೂ ಹೇಗೆ? ಕಾರಣವನ್ನು ಹೇಳದೆ ಸೂತ್ರವನ್ನು ಮಾತ್ರ ಬಾಯಿಪಾಠ ಮಾಡಿಸಿದರೆ ಮಗು ಲೆಕ್ಕ ತಪ್ಪುತ್ತದೆ. ಇದು ಪಾಠ ಹೇಳಿದವರೆಲ್ಲರಿಗೂ ಗೊತ್ತಿರುವ ಸಂಗತಿ.

ದೇಹವನ್ನೇ ಗಮನಿಸುವ ದಾರಿ ಅದೇ ಕಾಲದಲ್ಲಿ ಬೇರೆಡೆ ತೆರೆದುಕೊಳ್ಳುತ್ತಿತ್ತು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ನರರೋಗತಜ್ಞ ಜಾನ್ ಬಿಲ್ಲಿಂಗ್ಸ್ 1953ರಲ್ಲಿ ಪಾದ್ರಿಯೊಬ್ಬರ ಕೋರಿಕೆಯಂತೆ ಈ ವಿಷಯಕ್ಕೆ ಕೈಹಾಕಿದರು. ಅವರು ಹೆಂಗಸರನ್ನೇ ಕೇಳಿದರು. ಲೋಳೆಯ ಬದಲಾವಣೆಯನ್ನು ಅನೇಕರು ತಾವಾಗಿಯೇ ಗಮನಿಸಿದ್ದರು, ಆದರೆ ಯಾರೂ ಕೇಳಿರದ ಕಾರಣ ಹೇಳಿರಲಿಲ್ಲ. ಅವರು ಹೇಳಿದ ಗುರುತುಗಳನ್ನು ವಿಜ್ಞಾನಿ ಜೇಮ್ಸ್ ಬ್ರೌನ್ ಹಾರ್ಮೋನುಗಳ ಅಳತೆಯೊಡನೆ ಹೋಲಿಸಿ ನೋಡಿದರು, ತಾಳೆಯಾಯಿತು. ಮಕ್ಕಳ ವೈದ್ಯೆಯಾಗಿದ್ದ ಪತ್ನಿ ಎವೆಲಿನ್ ಬಿಲ್ಲಿಂಗ್ಸ್ ಮುಂದೆ ಈ ಕೆಲಸದಲ್ಲಿ ಸಮಾನ ಪಾಲುದಾರರಾದರು. ಗರ್ಭಕಂಠ ಏರುವುದು, ಮೆತ್ತಗಾಗುವುದು, ತೆರೆಯುವುದು, ಇವನ್ನು ಮಹಿಳೆಯರೇ ಬೆರಳಿನಿಂದ ಪರೀಕ್ಷಿಸಿ ತಿಳಿಯಬಹುದೆಂದು ನ್ಯೂಯಾರ್ಕಿನ ವೈದ್ಯ ಎಡ್ವರ್ಡ್ ಕೀಫ್ 1962ರಲ್ಲಿ ಪ್ರಕಟಿಸಿದರು. ಮೈಯ ಬಿಸಿಯನ್ನೂ ಲೋಳೆಯನ್ನೂ ಒಟ್ಟಿಗೆ ಗಮನಿಸುವ ಪದ್ಧತಿಯನ್ನು ಆಸ್ಟ್ರಿಯದ ಜೋಸೆಫ್ ರೋಟ್ಸರ್ 1960ರ ದಶಕದಲ್ಲಿ ವ್ಯವಸ್ಥಿತಗೊಳಿಸಿದರು.

ಕಥೆ ಇಲ್ಲಿಂದ ಮತ್ತೆ ನಮ್ಮ ನಾಡಿಗೆ ಬರುತ್ತದೆ. 1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಿಲ್ಲಿಂಗ್ಸ್ ಪದ್ಧತಿಯನ್ನು ಐದು ದೇಶಗಳ ಐದು ಊರುಗಳಲ್ಲಿ ಪರೀಕ್ಷೆಗೆ ಒಡ್ಡಿತು: ಆಕ್ಲೆಂಡ್, ಡಬ್ಲಿನ್, ಮನಿಲಾ, ಎಲ್ ಸಾಲ್ವಡಾರಿನ ಸ್ಯಾನ್ ಮಿಗೆಲ್ ಮತ್ತು ನಮ್ಮ ಬೆಂಗಳೂರು. ವಿದ್ಯೆ, ಸಂಪತ್ತು, ಸಂಸ್ಕೃತಿಗಳಲ್ಲಿ ಪರಸ್ಪರ ಬಹಳ ಭಿನ್ನರಾದ 869 ಮಹಿಳೆಯರು ಅದರಲ್ಲಿ ಸೇರಿದ್ದರು. 1981ರಲ್ಲಿ ಪ್ರಕಟವಾದ ಫಲಿತಾಂಶವನ್ನು ಗಮನವಿಟ್ಟು ಓದಬೇಕು. ಕಲಿಕೆಯ ಮೊದಲ ಋತುಚಕ್ರದಲ್ಲೇ ಶೇಕಡ 93ರಷ್ಟು ಮಹಿಳೆಯರು ತಮ್ಮ ಫಲವತ್ತಾದ ದಿನಗಳ ಗುರುತನ್ನು ಸರಿಯಾಗಿ ದಾಖಲಿಸಿದ್ದರು. ರಾಮನಗರದಿಂದ ಬೆಂಗಳೂರಿಗೆ 50 ಕಿಲೋಮೀಟರ್. ಒಂದು ತಲೆಮಾರಿನೊಳಗೆ ಹೆಣ್ಣಿನ ಬುದ್ಧಿ ಬದಲಾಗಿರಲಿಲ್ಲ, ಕಲಿಸಿದ ಪಾಠ ಬದಲಾಗಿತ್ತು. ಹೆಣ್ಣುಮಕ್ಕಳಿಗೆ ಅರ್ಥವಾಗುವುದಿಲ್ಲವೆಂಬ ಹಳೆಯ ತೀರ್ಪನ್ನು ತಳ್ಳಿಹಾಕಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಮರೆಮಾಚುವುದು ಸರಿಯಲ್ಲ. ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದಲ್ಲಿ ವರ್ಷಕ್ಕೆ ನೂರಕ್ಕೆ ಮೂರಕ್ಕಿಂತ ಕಡಿಮೆ ಮಂದಿ ಬಸಿರಾದರು, ಒಟ್ಟಾರೆ ಲೆಕ್ಕದಲ್ಲಿ ಮಾತ್ರ ಸುಮಾರು 22 ಮಂದಿ. ಗುರುತು ತಿಳಿದೂ ಆ ದಿನಗಳಲ್ಲಿ ದೂರವಿರಲಾಗಲಿಲ್ಲವೆಂಬುದೇ ಈ ಅಂತರದ ಬಹುಪಾಲು ಕಾರಣ. ತಿಳಿವಳಿಕೆ ಹೆಂಡತಿಗೆ ಮಾತ್ರ ಇದ್ದರೆ ಸಾಲದು, ಗಂಡನಿಗೂ ಇರಬೇಕು. ಎಲ್ಲ ಗುರುತುಗಳನ್ನೂ ಒಟ್ಟಿಗೆ ನೋಡುವ ಪದ್ಧತಿಯನ್ನು ಜರ್ಮನಿಯಲ್ಲಿ 900 ಮಹಿಳೆಯರಲ್ಲಿ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದಾಗ, ಒಟ್ಟಾರೆ ವೈಫಲ್ಯ ನೂರಕ್ಕೆ ಎರಡಕ್ಕೂ ಕಡಿಮೆಯಿತ್ತು. ಅವರು ನುರಿತವರಿಂದ ಕಲಿತವರು, ಗಂಡಂದಿರ ಸಹಕಾರವಿದ್ದವರು ಎಂಬುದನ್ನು ನೆನಪಿಡಬೇಕು. ಗರ್ಭಕಂಠದ ಗುರುತೊಂದನ್ನೇ ನೆಚ್ಚುವುದು ಸಲ್ಲದು. ಹೆರಿಗೆಯಾದವರಲ್ಲಿ ಅದರ ಬಾಯಿ ಮೊದಲಿನಂತೆ ಪೂರ್ತಿ ಬಿಗಿಯಾಗುವುದಿಲ್ಲ. ಅದು ಉಳಿದ ಗುರುತುಗಳಿಗೆ ಪೂರಕ ಮಾತ್ರ. ಈ ಪದ್ಧತಿಗಳಾವುವೂ ಸೋಂಕಿನಿಂದ ಕಾಪಾಡುವುದಿಲ್ಲ. ಆಚರಣೆಗೆ ತರಬಯಸುವವರು ವೈದ್ಯರ ಸಲಹೆ ಪಡೆಯಲೇಬೇಕು.

‘ಅವರಿಗೆ ಅರ್ಥವಾಗದು’ ಎಂಬ ಭಾವನೆ ನಗೆಹನಿಗಷ್ಟೇ ನಿಲ್ಲಲಿಲ್ಲವೆಂಬುದು ನನ್ನ ಅಭಿಪ್ರಾಯ. 1965ರಿಂದ ಊರೂರಿಗೆ ‘ವಂಕಿ’ ಬಂತು, ಶಸ್ತ್ರಚಿಕಿತ್ಸೆಯ ಶಿಬಿರಗಳು ಬಂದವು, ತುರ್ತು ಪರಿಸ್ಥಿತಿಯ ಕಾಲದ ಬಲವಂತವೂ ಬಂತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ತಿಳಿಯಹೇಳುವುದು ವ್ಯರ್ಥವೆಂದು ಒಮ್ಮೆ ನಂಬಿದ ಮೇಲೆ, ಕೇಳದೆಯೇ ಮಾಡಿಬಿಡುವುದು ಸುಲಭವಾಗುತ್ತದೆ. ಇದಕ್ಕೆ ಎದುರಾಗಿ, ಡಾ. ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ಯಂಥ ಪುಸ್ತಕಗಳಲ್ಲಿ ಕನ್ನಡದ ಹೆಣ್ಣುಮಕ್ಕಳೊಡನೆ ನೇರವಾಗಿ ಮಾತನಾಡಿದರು. ಎಷ್ಟೋ ಮನೆಗಳಲ್ಲಿ ಆ ಪುಸ್ತಕಗಳು ಕೈಯಿಂದ ಕೈಗೆ ಸಾಗಿದವು. ತಿಳಿಯಹೇಳಿದರೆ ಕೇಳುವವರಿದ್ದಾರೆಂಬುದಕ್ಕೆ ಅದೂ ಸಾಕ್ಷಿ.

ಮಣಿಸರ ಕೂಡ ಮರಳಿ ಬಂದಿದೆ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 32 ಮಣಿಗಳ ಸರವೊಂದನ್ನು ರೂಪಿಸಿದರು. ಋತುಚಕ್ರ 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ ಇದು ಅನ್ವಯಿಸುತ್ತದೆಯೆಂಬ ಮಿತಿಯನ್ನು ಮೊದಲೇ ಹೇಳಿ, 8ರಿಂದ 19ನೆಯ ದಿನದವರೆಗೆ ಎಚ್ಚರವಿರಬೇಕೆಂದು ತಿಳಿಸುವ ಸಾಧನ ಅದು. ಉತ್ತರ ಭಾರತದಲ್ಲಿ ಅದು ‘ಮಾಲಾಚಕ್ರ’ವೆಂಬ ಹೆಸರಿನಲ್ಲಿ ಬಳಕೆಗೆ ಬಂತು. 2002ರ ಅಧ್ಯಯನವೊಂದರಲ್ಲಿ ಅದನ್ನು ಸರಿಯಾಗಿ ಬಳಸಿದವರಲ್ಲಿ ವರ್ಷಕ್ಕೆ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿ ಬಸಿರಾಗಿದ್ದರು. ಮಣಿಯ ಕಲ್ಪನೆಯಲ್ಲೇ ದೋಷವಿರಲಿಲ್ಲವೆಂದಾಯಿತು.

ಇಂದಿನ ಹೆಣ್ಣುಮಕ್ಕಳ ಕೈಯಲ್ಲಿ ಮಣಿಸರದ ಬದಲು ಮೊಬೈಲಿದೆ. ಋತುಚಕ್ರವನ್ನು ಲೆಕ್ಕವಿಡುವ ಆ್ಯಪ್‌ಗಳು ಹಲವಾರಿವೆ. ಅವುಗಳಲ್ಲಿ ಕೆಲವು ಮೈಯ ಬಿಸಿಯನ್ನು ಆಧರಿಸುತ್ತವೆ. ಉಳಿದವುಗಳಲ್ಲಿ ಅನೇಕವು ಹಿಂದಿನ ತಿಂಗಳುಗಳ ಸರಾಸರಿಯನ್ನು ನೋಡಿ ಮುಂದಿನದನ್ನು ಊಹಿಸುತ್ತವೆ, ಅಷ್ಟೇ. ಅಂದರೆ ಬಣ್ಣದ ಮಣಿಯೇ ಗಾಜಿನ ಪರದೆಯ ಮೇಲೆ ಮೂಡಿದೆ. ಪದವಿ ಪಡೆದು, ಒಳ್ಳೆಯ ಹುದ್ದೆಯಲ್ಲಿದ್ದು, ಆ ಹಸಿರು ಬಣ್ಣವನ್ನು ಕಾರಣ ತಿಳಿಯದೆ ನಂಬುವವರಿಗೂ, ಮಣಿಯನ್ನು ತಾಯಿತವೆಂದು ನಂಬಿದರೆನ್ನಲಾದ ರಾಮನಗರದ ತಾಯಂದಿರಿಗೂ ಏನು ವ್ಯತ್ಯಾಸ? ಆ ತಾಯಂದಿರಿಗೆ ಯಾರೂ ವಿವರಿಸಿರಲಿಲ್ಲ. ನಮಗೆ ಪುಸ್ತಕಗಳಿವೆ, ವೈದ್ಯರಿದ್ದಾರೆ, ಕೇಳುವ ಸ್ವಾತಂತ್ರ್ಯವಿದೆ.

ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರು, ಕೆಲವರು ಶಿಕ್ಷಕಿಯರು. ಹತ್ತನೆಯ ತರಗತಿಯ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ ಅದನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎನ್ನುವ ಪದ್ಧತಿ ಇಂದಿಗೂ ಕೆಲವೆಡೆ ಇದೆಯೆಂದು ಕೇಳುತ್ತೇನೆ. ಮನೆಯಲ್ಲಿ ‘ಶಾಲೆಯಲ್ಲಿ ಹೇಳುತ್ತಾರೆ’ ಎನ್ನುತ್ತಾರೆ. ನಡುವೆ ಮಗು ಮೊಬೈಲನ್ನು ಕೇಳುತ್ತದೆ. ದಯವಿಟ್ಟು ಆ ಪಾಠವನ್ನು ಬಿಡಬೇಡಿ. ಹೆಣ್ಣುಮಕ್ಕಳಿಗೆ ಹೇಳಿ, ಗಂಡುಮಕ್ಕಳಿಗೂ ಹೇಳಿ. ನಿಮ್ಮ ಅನುಭವಗಳನ್ನು ಬರೆದು ತಿಳಿಸಿದರೆ ಸಂತೋಷ.